ಉತ್ತರ: ಅಂಗನವಾಡಿಯ ತೋಳುಪಟ್ಟಿ ನಾಲ್ಕನೇ ತರಗತಿಗೆ ಸಾಕೇ?

ಚಳ್ಳಕೆರೆ ತಾಲ್ಲೂಕಿನ ನಿಮ್ಮ ಶಾಲೆಯ ನಾಲ್ಕನೇ ತರಗತಿ ಮಕ್ಕಳ ಪೌಷ್ಟಿಕತೆಯನ್ನು ಅಂಗನವಾಡಿಯ ತೋಳುಪಟ್ಟಿಯಿಂದ, ಅಂದರೆ ತೋಳಿನ ಸುತ್ತಳತೆ ನೋಡುವ ಬಣ್ಣದ ಟೇಪಿನಿಂದ, ಅಳೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅದರ 11.5 ಮತ್ತು 12.5 ಸೆಂ.ಮೀ. ಗಡಿಗಳು ಆರು ತಿಂಗಳಿಂದ ಐದು ವರ್ಷದೊಳಗಿನವರಿಗೆ ಮಾತ್ರ. ಒಂಬತ್ತು ವರ್ಷದ ಸೊರಗಿದ ಮಗುವೂ ಅದರಲ್ಲಿ ‘ಸರಿಯಾಗಿದೆ’ ಎನ್ನುವ ಹಸಿರು ಬಣ್ಣಕ್ಕೇ ಬಂದು ನಿಲ್ಲಬಹುದು.

ಎತ್ತರ, ತೂಕ, ವಯಸ್ಸು ಮೂರೂ ಬೇಕು. ಚಪ್ಪಲಿ ಕಳಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ನೆತ್ತಿಯ ಮೇಲಿನ ಜಡೆ ಬಿಚ್ಚಿಸಿ ಅಳೆಯಿರಿ. ಎತ್ತರ ತಪ್ಪಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಒಂಬತ್ತು ತುಂಬಿದ ಹುಡುಗಿ 125 ಸೆಂ.ಮೀ. ಎತ್ತರ, 20 ಕಿಲೋ ಎಂದುಕೊಳ್ಳಿ. ತೂಕ 20ನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ (1.25 × 1.25) ಭಾಗಿಸಿದರೆ 12.8; ಇದೇ ದೇಹ ತೂಕ ಸೂಚ್ಯಂಕ (ಬಿಎಂಐ). ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದಲ್ಲಿ ಆ ವಯಸ್ಸಿನ ಹುಡುಗಿಯರಿಗೆ ಇದು ಮೈನಸ್ 2 ಗೆರೆಗಿಂತ (ಮಧ್ಯದ ಅಳತೆಗಿಂತ ಎರಡು ಪ್ರಮಾಣಿತ ವಿಚಲನೆ ಕೆಳಗಿನ ಗೆರೆ) ಕೆಳಗೆ, ಅಂದರೆ ಕೃಶತೆ, ವಯಸ್ಸಿಗೆ ತಕ್ಕುದಕ್ಕಿಂತ ತೀರ ತೆಳ್ಳಗಿರುವುದು. ವಯಸ್ಕರ ಸೂಚ್ಯಂಕದ 18.5ರ ಗಡಿಯನ್ನು ಮಕ್ಕಳಿಗೆ ಹಚ್ಚಲೇಬಾರದು.

ಒಂದೇ ಅಳತೆಯಿಂದ ತೀರ್ಮಾನಕ್ಕೆ ಬರಬೇಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ಬರೆದಿಡಿ. ತೂಕ ಏರದೆ ನಿಂತ ಮಗುವನ್ನು, ಹಾಗೆಯೇ ಮೈನಸ್ 3ಕ್ಕಿಂತ ಕೆಳಗಿರುವವರನ್ನು, ಶಾಲೆಗೆ ಬಂದು ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ಬರುವವರೆಗೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ರಕ್ತಹೀನತೆ ಟೇಪಿಗೂ ತಕ್ಕಡಿಗೂ ಸಿಗುವುದಿಲ್ಲ, ಅದಕ್ಕೆ ರಕ್ತಪರೀಕ್ಷೆಯೇ ಆಗಬೇಕು. ಇನ್ನೊಂದು ಕೋರಿಕೆ: ಯಾರ ತೂಕವನ್ನೂ ತರಗತಿಯ ಮುಂದೆ ಗಟ್ಟಿಯಾಗಿ ಓದಬೇಡಿ.