ಗ್ಯಾಂಬಿಟ್ ಬಿಡೋ ಮುಂಚೆ ಎಂಜಿನ್ ನಂಬರ್ ಓದೋದು ಕಲೀರಿ

ನಿಮ್ಮ ಪೋಸ್ಟ್ ಓದಿದೆ. ಚೆಸ್‌ನಲ್ಲಿ ಶುರುವಲ್ಲೇ ಪಾನ್ ಕೊಟ್ಟು ದಾಳಿ ಪಡೆಯೋ ಗ್ಯಾಂಬಿಟ್‌ಗಳ ಪೈಕಿ ಬಿಳಿಯಲ್ಲಿ ಎವಾನ್ಸ್ ಬಿಡ್ತೀನಿ, ಯಾಕಂದ್ರೆ ಚೆಸ್ ಎಂಜಿನ್ ಸ್ಟಾಕ್‌ಫಿಶ್ 0.00 (ಸಮಬಲ; ಪ್ಲಸ್ ಬಿಳಿಗೆ, ಮೈನಸ್ ಕಪ್ಪಿಗೆ ಮೇಲುಗೈ) ಕೊಡ್ತಿದೆ, ಕಪ್ಪಲ್ಲಿ ಸ್ಟಾಫರ್ಡ್ ಹಿಡಿತೀನಿ, ಯಾಕಂದ್ರೆ ಲಿಚೆಸ್ ಎಕ್ಸ್‌ಪ್ಲೋರರ್‌ನಲ್ಲಿ (ಲಿಚೆಸ್ ಸೈಟಲ್ಲಿ ಯಾವ ನಡೆಗೆ ಯಾರು ಎಷ್ಟು ಗೆದ್ದಿದ್ದಾರೆ ಅಂತ ತೋರಿಸೋ ಪಟ್ಟಿ) ಕಪ್ಪಿಗೇ ಗೆಲುವು ಜಾಸ್ತಿ ಅಂತ ಬರೆದಿದ್ದೀರಿ. ಅದೂ ಮುಂದಿನ ತಿಂಗಳ 90+30 (90 ನಿಮಿಷ, ಜೊತೆಗೆ ನಡೆಗೆ 30 ಸೆಕೆಂಡ್) ರೇಟೆಡ್ ಟೂರ್ನಿಗೆ. ದಯವಿಟ್ಟು ಬೇಡ. ಇದೇ ತಪ್ಪು ಮಾಡಿ ರೇಟಿಂಗ್ ಕಳ್ಕೊಂಡವರಲ್ಲಿ ನಾನೂ ಒಬ್ಬ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲು ಎಕ್ಸ್‌ಪ್ಲೋರರ್. ನೀವು ಹಾಕಿರೋ ಸ್ಕ್ರೀನ್‌ಶಾಟ್‌ನಲ್ಲಿ ಎಲ್ಲಾ ರೇಟಿಂಗ್, ಎಲ್ಲಾ ಟೈಮ್ ಕಂಟ್ರೋಲ್ ಟಿಕ್ ಆಗೇ ಇವೆ. ಬುಲೆಟ್‌ನಲ್ಲಿ ಒಂದು ನಿಮಿಷಕ್ಕೆ ಆಡೋ 1000 ರೇಟಿಂಗ್‌ನವರು ಬಿದ್ದ ಹಳ್ಳಕ್ಕೆ 90 ನಿಮಿಷ ಇರೋ ಮನುಷ್ಯ ಬೀಳಲ್ಲ. ಬುಲೆಟ್, ಬ್ಲಿಟ್ಜ್ ತೆಗೀರಿ, ರ‍್ಯಾಪಿಡ್ ಮತ್ತು ಕ್ಲಾಸಿಕಲ್ ಮಾತ್ರ ಇಡಿ. ಲಿಚೆಸ್ ರೇಟಿಂಗ್ ಸಾಮಾನ್ಯವಾಗಿ ಉಬ್ಬಿರುತ್ತೆ, ಹಾಗಾಗಿ ಫಿಡೆ (ವಿಶ್ವ ಚೆಸ್ ಒಕ್ಕೂಟ) ರೇಟಿಂಗ್ 1450–1500ರ ಎದುರಾಳಿಗೆ 1600, 1800 ಬ್ಯಾಂಡ್ ಎರಡನ್ನೂ ನೋಡಿ. 2024ರ ಮಾರ್ಚ್‌ನಲ್ಲಿ ಫಿಡೆ ಕನಿಷ್ಠ ರೇಟಿಂಗನ್ನ 1400ಕ್ಕೆ ಏರಿಸಿತಲ್ಲ, ಅಲ್ಲಿಂದೀಚೆಗೆ ಹಳೆ "1450 ಅಂದ್ರೆ ಇಷ್ಟೇ" ಅನ್ನೋ ಲೆಕ್ಕವೂ ನಡೆಯಲ್ಲ.

ಸ್ಟಾಫರ್ಡ್‌ನಲ್ಲಿ (1.ಇ4 ಇ5 2.ಕುದುರೆ ಎಫ್3 ಕುದುರೆ ಎಫ್6 3.ಕುದುರೆ ಇ5 ಹೊಡೆತ, ಕುದುರೆ ಸಿ6) 4.ಕುದುರೆ ಸಿ6 ಹೊಡೆದು ಡಿ ಪಾನ್‌ನಿಂದ ವಾಪಸ್ ಹೊಡೆದ ಮೇಲೆ ಬಿಳಿ 5.ಇ5 ಕುದುರೆ ಇ4 6.ಡಿ3?? ಆಡಿದ್ರೆ ಬಿಷಪ್ ಸಿ5, ಕ್ವೀನ್ ಹೋಯ್ತು. ರೀಲ್ಸ್‌ನಲ್ಲಿ ಬರೋದು ಅಷ್ಟೇ. ಆದ್ರೆ ಬಿಳಿ 5.ಡಿ3 ಬಿಷಪ್ ಸಿ5 6.ಬಿಷಪ್ ಇ2 ಆಡಿ, ಕ್ಯಾಸಲ್‌ಗೆ ಅವಸರ ಮಾಡದೆ ಸಿ3, ಡಿ4 ತಳ್ಳಿದ್ರೆ? ನಿಮ್ಮ ಕೈಲಿ ಉಳಿಯೋದು ಒಂದು ಪಾನ್ ಕಮ್ಮಿ, ಸಿ ಫೈಲ್‌ನಲ್ಲಿ ಡಬಲ್ ಪಾನ್, ದಾಳಿ ಸೊನ್ನೆ. ಈ ನಾಲ್ಕು ನಡೆಯಲ್ಲಿ ವಿಚಿತ್ರವಾದದ್ದು ಒಂದೂ ಇಲ್ಲ, ಹತ್ತು ನಿಮಿಷ ಕೂತು ಯೋಚಿಸಿದ ಯಾರಿಗಾದರೂ ಹೊಳೆಯುತ್ತೆ.

ಈಗ 0.00. ನಿಮ್ಮ ನಿಜವಾದ ಗೊಂದಲ ಇಲ್ಲಿದೆ. ಸ್ಟಾಕ್‌ಫಿಶ್ 15.1ರಿಂದೀಚೆಗೆ, ಅಂದ್ರೆ 2022ರ ಕೊನೆಯಿಂದ, +1.00 ಅಂದ್ರೆ "ಒಂದು ಪಾನ್" ಅಲ್ಲ. ಎಂಜಿನ್ ತನ್ನ ಜೊತೆ ತಾನೇ ಆಡಿದ್ರೆ ಗೆಲ್ಲೋ ಸಾಧ್ಯತೆ ನೂರಕ್ಕೆ ಐವತ್ತು ಅಂತ. −0.4 ಅಂದ್ರೆ ಆ ಲೆಕ್ಕದಲ್ಲಿ ಬಹುಪಾಲು ಡ್ರಾ. 2020ರಲ್ಲಿ ಸ್ಟಾಕ್‌ಫಿಶ್ 12ಕ್ಕೆ ನ್ಯೂರಲ್ ನೆಟ್ ಬಂತು, ಅದಕ್ಕಿಂತ ಹಳೆ ಲೇಖನ, ಹಳೆ ವಿಡಿಯೋದ ನಂಬರ್ ಜೊತೆ ಇವತ್ತಿನದನ್ನ ಹೋಲಿಸಲೇಬೇಡಿ.

ಇನ್ನೊಂದು ವಿಷಯ, ಎಲ್ಲಾ ಸೊನ್ನೆಯೂ ಒಂದೇ ಅಲ್ಲ. ಡ್ಯಾನಿಶ್ ಗ್ಯಾಂಬಿಟ್ ನೋಡಿ (1.ಇ4 ಇ5 2.ಡಿ4 ಹೊಡೆತ 3.ಸಿ3 ಹೊಡೆತ 4.ಬಿಷಪ್ ಸಿ4, ಪಾನ್ ಬಿ2 ಹೊಡೆತ): ಎರಡೂ ಪಾನ್ ಕೊಟ್ಟು 5.ಬಿಷಪ್ ಬಿ2 ಹೊಡೆದ ಮೇಲೆ 5...ಡಿ5 6.ಬಿಷಪ್ ಡಿ5 ಹೊಡೆತ, ಕುದುರೆ ಎಫ್6 7.ಬಿಷಪ್ ಎಫ್7 ಚೆಕ್, ರಾಜ ಹೊಡೀತಾನೆ 8.ಕ್ವೀನ್ ಡಿ8 ಹೊಡೆತ, ಬಿಷಪ್ ಬಿ4 ಚೆಕ್ 9.ಕ್ವೀನ್ ಡಿ2, ಬಿಷಪ್ ಅದನ್ನ ಹೊಡೆಯುತ್ತೆ, 10.ಕುದುರೆ ವಾಪಸ್ ಹೊಡೆತ. ಪಾನ್ ಲೆಕ್ಕ ಸಮ, ಎಂಜಿನ್ ಪ್ರಕಾರವೂ ಹೆಚ್ಚುಕಮ್ಮಿ ಸಮ. ಆದ್ರೆ ಹತ್ತನೇ ನಡೆಗೆ ಕ್ವೀನ್ ಇಲ್ಲ, ಕಪ್ಪಿಗೆ ಕ್ವೀನ್‌ಸೈಡ್‌ನಲ್ಲಿ ಬಿಳಿಯ ಒಂದು ಪಾನ್ ಎದುರು ಮೂರು ಪಾನ್ ಬಲ. ದಾಳಿ ಮಾಡೋಕೆ ಅಂತ ಗ್ಯಾಂಬಿಟ್ ಆಡಿ ಎಂಡ್‌ಗೇಮ್ ಆಡ್ತಾ ಕೂರ್ತೀರಿ. ಎವಾನ್ಸ್‌ನ ಸೊನ್ನೆಯಲ್ಲಿ ಎಲ್ಲಾ ಪೀಸೂ ಬೋರ್ಡ್ ಮೇಲಿರುತ್ತೆ, ಕಪ್ಪು ರಾಜ ಎಷ್ಟೋ ಸಲ ಇ8ರಲ್ಲೇ ಸಿಕ್ಕಿಹಾಕ್ಕೊಂಡಿರ್ತಾನೆ. 1995ರಲ್ಲಿ ರೀಗಾದಲ್ಲಿ ಕಾಸ್ಪರೋವ್ ಆನಂದ್ ಅವರನ್ನ ಇದೇ ಎವಾನ್ಸ್‌ನಲ್ಲಿ 25 ನಡೆಗೆ ಮುಗಿಸಿದ್ದು.

ಹಾಗಾದ್ರೆ ಆರಿಸೋದು ಹೇಗೆ? ಲಿಚೆಸ್ ಅನಾಲಿಸಿಸ್ ಬೋರ್ಡ್‌ನಲ್ಲಿ ಎಂಜಿನ್ ಸೆಟ್ಟಿಂಗ್‌ಗೆ ಹೋಗಿ ಲೈನ್‌ಗಳನ್ನ (ಎಂಜಿನ್ ತೋರಿಸೋ ಒಳ್ಳೆ ನಡೆಗಳ ಸಾಲು) ಐದಕ್ಕೆ ಏರಿಸಿ. ಒಂದೇ ಲೈನ್ ನೋಡ್ತಿದ್ರೆ ಗ್ಯಾಂಬಿಟ್ ಬಗ್ಗೆ ಏನೂ ಗೊತ್ತಾಗಲ್ಲ. ಪಾನ್ ಕೊಟ್ಟ ನಡೆಯಿಂದ ಮುಂದೆ ಎದುರಾಳಿಯ ಎಂಟು ನಡೆಗಳಲ್ಲೂ ನಿಲ್ಲಿಸಿ, ಡೆಪ್ತ್ (ಎಂಜಿನ್ ಎಷ್ಟು ನಡೆ ಮುಂದೆ ನೋಡ್ತಿದೆ ಅನ್ನೋ ಸಂಖ್ಯೆ) 28–30 ದಾಟೋವರೆಗೆ ಕಾದು (ಫೋನ್ ಬಿಸಿಯಾಗುತ್ತೆ, ಲ್ಯಾಪ್‌ಟಾಪ್ ಬಳಸಿ), ಮೊದಲ ಲೈನ್‌ಗಿಂತ 0.5ರ ಒಳಗೆ ಎಷ್ಟು ನಡೆ ಇವೆ ಅಂತ ಎಣಿಸಿ ಬರ್ಕೊಳ್ಳಿ. ನಾಲ್ಕೈದು ಇದ್ರೆ ಎದುರಾಳಿ ಏನು ಆಡಿದ್ರೂ ನಡೆಯುತ್ತೆ, ಗ್ಯಾಂಬಿಟ್‌ಗೆ ಹಲ್ಲಿಲ್ಲ. ಸತತ ಎರಡು ಮೂರು ಕಡೆ ಒಂದೇ ನಡೆ ಇದ್ರೆ ಕಚ್ಚುತ್ತೆ. ಆ ಒಂದೇ ನಡೆ ಸಹಜವಾ ಅನ್ನೋದೂ ಮುಖ್ಯ. ಹೊಡೆದದ್ದನ್ನ ವಾಪಸ್ ಹೊಡೆಯೋದು, ಕ್ಯಾಸಲ್ ಮಾಡೋದು ಎಲ್ಲರಿಗೂ ಸಿಗುತ್ತೆ. ರಾಜನನ್ನ ಎಫ್8ಗೆ ಸರಿಸೋದು, ಹೊರಗೆ ಬಂದ ಕುದುರೆಯನ್ನ ವಾಪಸ್ ಕರೆಸೋದು ಕೈಗೆ ಬರಲ್ಲ. ಆಮೇಲೆ ಅದೇ ಪೊಸಿಷನ್ ಎಕ್ಸ್‌ಪ್ಲೋರರ್‌ನಲ್ಲಿ ತೆಗೆದು ನಿಮ್ಮ ಬ್ಯಾಂಡ್‌ನವರು ಆ ನಡೆ ಆಡಿದ್ದಾರಾ ನೋಡಿ. ಮಾಸ್ಟರ್ಸ್ ಡೇಟಾಬೇಸ್ (ದೊಡ್ಡ ಆಟಗಾರರ ಆಟಗಳ ಸಂಗ್ರಹ) ಈ ಕೆಲಸಕ್ಕೆ ಬೇಡ.

ಸ್ಮಿತ್-ಮೋರಾ ಗ್ಯಾಂಬಿಟ್ (1.ಇ4 ಸಿ5 2.ಡಿ4 ಹೊಡೆತ 3.ಸಿ3, ಕಪ್ಪು ಹೊಡೆದ್ರೆ 4.ಕುದುರೆ ಸಿ3 ಹೊಡೆತ) ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತೆ, ಎಂಜಿನ್ ಸ್ವಲ್ಪ ಮೈನಸ್ ತೋರಿಸಿದ್ರೂ. 2011ರ ಯುಎಸ್ ಓಪನ್‌ನಲ್ಲಿ ಅಮೆರಿಕದ ಎಸರ್ಮನ್ ಅದನ್ನ ಡಚ್ ಗ್ರ್ಯಾಂಡ್‌ಮಾಸ್ಟರ್ ವಾನ್ ವೆಲಿ ಮೇಲೇ ಆಡಿ ಗೆದ್ದರು. ಆದ್ರೆ ಕಣ್ಮುಚ್ಚಿ ಬಿಷಪ್ ಸಿ4, ಕ್ಯಾಸಲ್, ಕ್ವೀನ್ ಇ2, ರೂಕ್ ಡಿ1 ಅಂತ ಆಡೋರಿಗೆ ಸೈಬೀರಿಯನ್ ಟ್ರ್ಯಾಪ್ ಕಾದಿರುತ್ತೆ: 4...ಕುದುರೆ ಸಿ6 5.ಕುದುರೆ ಎಫ್3 ಇ6 6.ಬಿಷಪ್ ಸಿ4 ಕ್ವೀನ್ ಸಿ7 7.ಕ್ಯಾಸಲ್ ಕುದುರೆ ಎಫ್6 8.ಕ್ವೀನ್ ಇ2 ಕುದುರೆ ಜಿ4! ಇಲ್ಲಿ 9.ಎಚ್3?? ಆಡಿದ್ರೆ ಕುದುರೆ ಡಿ4, ಅದನ್ನ ಹೊಡೆದ್ರೆ ಎಚ್2ರಲ್ಲಿ ಮೇಟ್, ಹೊಡೀದಿದ್ರೆ ಕ್ವೀನ್ ಹೋಗುತ್ತೆ. ಕ್ವೀನ್ ಸಿ7 ಕಂಡ ಕೂಡಲೇ ಕ್ವೀನ್ ಇ2 ಮರೀರಿ, 8.ಕುದುರೆ ಬಿ5 ಕ್ವೀನ್ ಬಿ8 9.ಇ5 ಆಡಿ. ನಿಜಕ್ಕೂ ಕಿರಿಕಿರಿ ಕೊಡೋದು ಟ್ರ್ಯಾಪ್ ಅಲ್ಲ, ಡಿ6, ಎ6, ಕುದುರೆ ಎಫ್6, ಬಿಷಪ್ ಜಿ4 ಸೆಟಪ್. ಕಪ್ಪು ಆ ಬಿಷಪ್ ಕೊಟ್ಟು ಎಫ್3 ಕುದುರೆ ತೆಗೆದು, ಇ6 ಆಡಿ ಗಟ್ಟಿಯಾಗಿ ಕೂತ್ಕೊಳ್ಳುತ್ತೆ.

ಮತ್ತೆ, ಗ್ಯಾಂಬಿಟ್ ಕಲಿಯೋದು ಅಂದ್ರೆ ಅರ್ಧ ಪಾಲು ಅದನ್ನ ಒಪ್ಪದವರ ವಿರುದ್ಧ ಕಲಿಯೋದು. ಮೋರಾಗೆ 3...ಕುದುರೆ ಎಫ್6 ಬಂದ್ರೆ 4.ಇ5 ಕುದುರೆ ಡಿ5, ಅಲ್ಲಿಗೆ ಅದು ಅಲಾಪಿನ್ ಅನ್ನೋ ಬೇರೆ ಓಪನಿಂಗ್. ಅಲಾಪಿನ್ ಗೊತ್ತಿಲ್ಲದೆ ಮೋರಾ ಆಡಬೇಡಿ. ಎವಾನ್ಸ್‌ಗೆ (1.ಇ4 ಇ5 2.ಕುದುರೆ ಎಫ್3 ಕುದುರೆ ಸಿ6 3.ಬಿಷಪ್ ಸಿ4 ಬಿಷಪ್ ಸಿ5 4.ಬಿ4) ಬದಲು 3...ಕುದುರೆ ಎಫ್6 ಬಂದ್ರೆ ಎವಾನ್ಸೇ ಇಲ್ಲ, ಅದು ಟೂ ನೈಟ್ಸ್ ಓಪನಿಂಗ್, ಟೂ ನೈಟ್ಸ್‌ಗೆ 4.ಡಿ3 ಆದ್ರೂ ರೆಡಿ ಇರಲಿ. 4...ಬಿಷಪ್ ಬಿ6 ಅಂತ ಪಾನ್ ಹೊಡೀದೆ ಬಿಟ್ಟವರಿಗೆ 5.ಎ4. ನಿಮ್ಮ ಆಟದಲ್ಲಿ ಒಂದು ನಡೆ ಹಿಂದುಮುಂದಾಗಿದ್ದೂ ನೋಡಿದೆ: 5...ಬಿಷಪ್ ಎ5 ಆದ ಮೇಲೆ ಕ್ಯಾಸಲ್ ಮಾಡಿದ್ದೀರಿ. ಆಗ ಡಿ6 7.ಡಿ4 ಬಿಷಪ್ ಬಿ6, ಇದು ಲಾಸ್ಕರ್ ಡಿಫೆನ್ಸ್. ಪಾನ್ ವಾಪಸ್ ಸಿಗುತ್ತೆ, ಕ್ವೀನ್ ಹೋಗುತ್ತೆ, ಕಪ್ಪಿಗೆ ಒಳ್ಳೆ ಎಂಡಿಂಗ್. 6.ಡಿ4 ಮೊದಲು, ಡಿ6ಗೆ 7.ಕ್ವೀನ್ ಬಿ3.

ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಾ ಅಂತಲೂ ಕೇಳಿದ್ದಿರಿ. 2000 ರೇಟಿಂಗ್‌ವರೆಗೆ ಚೆಸ್‌ಬೇಸ್ (ಆಟಗಳ ಡೇಟಾಬೇಸ್ ಸಾಫ್ಟ್‌ವೇರ್) ಬೇಡ, ಲಿಚೆಸ್ ಸ್ಟಡಿ (ನಡೆಗಳನ್ನ ಉಳಿಸಿಟ್ಟುಕೊಳ್ಳೋ ಪುಟ) ಸಾಕು. ಚೆಸ್.ಕಾಂ ಸೈಟ್ ಆಟ ಮುಗಿದ ಮೇಲೆ ರಿವ್ಯೂನಲ್ಲಿ ಕೊಡೋ "ಬ್ರಿಲಿಯಂಟ್" ಗುರುತು ನೋಡಿ ಓಪನಿಂಗ್ ಆರಿಸೋದಂತೂ ಬೇಡವೇ ಬೇಡ. ಆ ದುಡ್ಡಿಗೆ ಇನ್ನೆರಡು ಟೂರ್ನಿ ಎಂಟ್ರಿ ಫೀ ಕಟ್ಟಿ.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು ಕಪ್ಪಿನ ಎಂಗ್ಲುಂಡ್ ಗ್ಯಾಂಬಿಟ್ (1.ಡಿ4 ಇ5 2.ಪಾನ್ ಇ5 ಹೊಡೆತ, ಕುದುರೆ ಸಿ6 3.ಕುದುರೆ ಎಫ್3 ಕ್ವೀನ್ ಇ7) ಬಗ್ಗೆ ಕೇಳಿದ್ದಾರೆ. 4.ಬಿಷಪ್ ಎಫ್4 ಕ್ವೀನ್ ಬಿ4 ಚೆಕ್ 5.ಬಿಷಪ್ ಡಿ2 ಕ್ವೀನ್ ಬಿ2 ಹೊಡೆತ, ಈಗ 6.ಬಿಷಪ್ ಸಿ3?? ಬಿಷಪ್ ಬಿ4 7.ಕ್ವೀನ್ ಡಿ2 ಬಿಷಪ್ ಸಿ3 ಹೊಡೆತ 8.ಕ್ವೀನ್ ಹೊಡೆತ, ಕ್ವೀನ್ ಸಿ1 ಮೇಟ್. 6.ಕುದುರೆ ಸಿ3 ಆಡಿದ್ರೆ ಕಥೆ ಮುಗೀತು, ಬಿಳಿಗೆ ದೊಡ್ಡ ಲಾಭ. ಇಡೀ ಗ್ಯಾಂಬಿಟ್ ನಿಂತಿರೋದು ಎದುರಾಳಿ ಒಂದು ಸಹಜ ಡೆವಲಪಿಂಗ್ ನಡೆ ಆಡಲ್ಲ ಅನ್ನೋ ಆಸೆ ಮೇಲೆ. ಕಪ್ಪಲ್ಲಿ ಪಾನ್ ಕೊಡಲೇಬೇಕು ಅಂದ್ರೆ ಬೆಂಕೋ ಗ್ಯಾಂಬಿಟ್ ನೋಡಿ. ಎಂಜಿನ್ ಬಿಳಿ ಕಡೆ ವಾಲಿದ್ರೂ ಎ, ಬಿ ಫೈಲ್‌ಗಳ ಒತ್ತಡ ಕ್ವೀನ್ ಹೋದ ಮೇಲೂ ಉಳಿಯುತ್ತೆ.

ಟೂರ್ನಿಯಲ್ಲಿ ಸ್ಕೋರ್‌ಶೀಟ್‌ನಲ್ಲಿ ನಡೆ ಪಕ್ಕ ಎದುರಾಳಿಯ ಗಡಿಯಾರದ ಸಮಯ ಬರ್ಕೊಳ್ಳಿ, ಫಿಡೆ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಮನೆಗೆ ಬಂದು ಐದು ಲೈನ್ ಲೆಕ್ಕದ ಪಕ್ಕ ಇಟ್ಟು ನೋಡಿ. ನೀವು "ಒಂದೇ ನಡೆ" ಅಂತ ಗುರುತು ಹಾಕಿದ ಕಡೆ ಅವನು ಅರ್ಧ ನಿಮಿಷದಲ್ಲಿ ಅದನ್ನೇ ಆಡಿದ್ರೆ, ಆ ಲೈನ್ ತೆಗೆದು ಹಾಕಿ.