1977ರ ಸ್ಟಾರ್ ವಾರ್ಸ್ ಬೇಕಿದ್ದರೆ ಯಾವ ಡಿಸ್ಕ್?

2004ರ ಡಿವಿಡಿ ಸೆಟ್ಟೂ 2006ರ ಡಿವಿಡಿ ಸೆಟ್ಟೂ ಸೆಕೆಂಡ್ ಹ್ಯಾಂಡಲ್ಲಿ ಸಿಗ್ತಿವೆ, 1977ರಲ್ಲಿ ಥಿಯೇಟರಿಗೆ ಬಂದ ಸ್ಟಾರ್ ವಾರ್ಸ್ ಯಾವುದರಲ್ಲಿದೆ ಅಂತ ಕೇಳಿದ್ದೀರಿ. 2006ರದ್ದು ತಗೊಳ್ಳಿ. ಆದರೆ ಪೆಟ್ಟಿಗೆ ತೆರೆದು ಎರಡು ಡಿಸ್ಕ್ ಇವೆಯಾ ನೋಡಿ. ಮೊದಲನೆಯದು 2004ರ ತಿದ್ದಿದ ಆವೃತ್ತಿಯೇ. ಮೂಲ ಚಿತ್ರ ಇರುವುದು ಬೋನಸ್ ಡಿಸ್ಕಿನಲ್ಲಿ. ಅದಿಲ್ಲದಿದ್ದರೆ ದುಡ್ಡು ದಂಡ.

ಹಾಕಿದ ಕೂಡಲೇ ಮೇಲೇರುವ ಹಳದಿ ಅಕ್ಷರ ಗಮನಿಸಿ. 'ಎಪಿಸೋಡ್ 4' ಎಂಬ ಸಾಲಿದ್ದರೆ ಮೂಲವಲ್ಲ. ಅದು ಸೇರಿದ್ದು 1981ರ ಮರುಬಿಡುಗಡೆಯಲ್ಲಿ. ಇನ್ನೊಂದು ಗುರುತು ಕ್ಯಾಂಟೀನಾ, ಅಂದರೆ ಬಾರಿನ ದೃಶ್ಯ. ಅಲ್ಲಿ ನಾಯಕರಲ್ಲೊಬ್ಬನಾದ ಹಾನ್ ಸೋಲೋನನ್ನು ಹಿಡಿಯಲು ಗ್ರೀಡೋ ಎಂಬ ಬಾಡಿಗೆ ಬೇಟೆಗಾರ ಬರುತ್ತಾನೆ. ಮೂಲದಲ್ಲಿ ಗುಂಡು ಹಾರಿಸುವುದು ಹಾನ್ ಒಬ್ಬನೇ. 1997ರ ತಿದ್ದಿದ ಮರುಬಿಡುಗಡೆಯಲ್ಲಿ ಗ್ರೀಡೋ ಮೊದಲು ಹೊಡೆಯುತ್ತಾನೆ, 2004ರಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ, 2019ರ 4ಕೆ ಆವೃತ್ತಿಯಲ್ಲಿ ಗ್ರೀಡೋ 'ಮಕ್ಲಂಕಿ' ಅಂತ ಬೇರೆ ಒದರುತ್ತಾನೆ!

ಚಿತ್ರದ ಗುಣಮಟ್ಟ ಮಾತ್ರ ಸಾಧಾರಣ. ಬೋನಸ್ ಡಿಸ್ಕಿಗೆ ಬಳಸಿದ್ದು 1993ರ ಲೇಸರ್‌ಡಿಸ್ಕ್ (ಡಿವಿಡಿಗಿಂತ ಹಿಂದಿನ ದೊಡ್ಡ ಡಿಸ್ಕ್) ಮಾಸ್ಟರ್ ಪ್ರತಿ. ಫಿಲ್ಮಿನ ಗ್ರೇನ್ (ಸಣ್ಣ ಚುಕ್ಕೆಗಳು) ಒರೆಸಲು ಹೋಗಿ ಚಲಿಸುವ ವಸ್ತುಗಳ ಹಿಂದೆ ನೆರಳಿನಂಥ ಕಲೆ ಉಳಿದಿದೆ. ಅನಾಮಾರ್ಫಿಕ್ (ಅಗಲ ಟಿವಿಗೆಂದು ಅಡ್ಡಕ್ಕೆ ಹಿಂಡಿಟ್ಟದ್ದು) ಅಲ್ಲದ್ದರಿಂದ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಡಿಸ್ಕಿನ 480 ಗೆರೆಗಳಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 270. ಈಗಿನ ಅಗಲ ಟಿವಿಯಲ್ಲಿ ನಾಲ್ಕೂ ಕಡೆ ಕಪ್ಪು ಪಟ್ಟಿ ಬರುತ್ತದೆ. ರಿಮೋಟಿನಲ್ಲಿ 'ಝೂಮ್' ಆರಿಸಿ, 'ಸ್ಟ್ರೆಚ್' ಬೇಡ, ಮುಖಗಳು ಅಡ್ಡಡ್ಡ ಊದಿಕೊಳ್ಳುತ್ತವೆ. ವಿಎಲ್‌ಸಿಯಲ್ಲಾದರೆ (ಕಂಪ್ಯೂಟರಿನ ವಿಡಿಯೋ ಪ್ಲೇಯರ್) ಕ್ರಾಪ್ 2.35:1 ಆರಿಸಿ.

ಪಾಲ್ (ಯುರೋಪ್, ಭಾರತದ ಟಿವಿ ಪದ್ಧತಿ) ಡಿಸ್ಕ್ ಸಿಕ್ಕಿದರೆ 121 ನಿಮಿಷದ ಚಿತ್ರ 116ಕ್ಕೇ ಮುಗಿಯುತ್ತದೆ. ಹೆದರಬೇಡಿ, ಏನೂ ಕತ್ತರಿಸಿಲ್ಲ. ಸೆಕೆಂಡಿಗೆ 24 ಫ್ರೇಮಿನದು 25ರಲ್ಲಿ ಓಡುತ್ತದೆ ಅಷ್ಟೆ.