ಲೊಫೋಟೆನ್‌ನಿಂದ ಹ್ಯಾಂಬರ್ಗ್‌ಗೆ ವ್ಯಾನಿನಲ್ಲಿ ವಾಪಸ್ ಬರಲು ಎರಡು ದಿನ ಸಾಕಾ?

ನಾಲ್ಕು ಜನ ಸ್ನೇಹಿತರು, ಹ್ಯಾಂಬರ್ಗ್‌ನಿಂದ ಬಾಡಿಗೆ ಕ್ಯಾಂಪರ್ ವ್ಯಾನ್, ಸೆಪ್ಟೆಂಬರ್ ಮೊದಲಲ್ಲಿ ನಾರ್ವೆಯ ಲೊಫೋಟೆನ್ ದ್ವೀಪಗಳು. ವಾಪಸ್ ಬರುವಾಗ ಒಬ್ಬರು ಓಡಿಸುವುದು, ಉಳಿದವರು ಹಿಂದೆ ಮಲಗುವುದು, ಎಲ್ಲೂ ನಿಲ್ಲದೆ ಎರಡು ದಿನದಲ್ಲಿ ಮನೆ ಸೇರುವುದು. ಹೀಗೆ ಮಾಡಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಆರು ದಿನ ಇಟ್ಟುಕೊಳ್ಳಿ, ಐದಕ್ಕಿಂತ ಕಮ್ಮಿ ಮಾಡಬೇಡಿ. ರಜೆ ಸಾಲದಿದ್ದರೆ ಲೊಫೋಟೆನ್‌ನಲ್ಲೇ ಒಂದು ದಿನ ಕಡಿತ ಮಾಡಿ. ನಾನು ಹ್ಯಾಂಬರ್ಗ್‌ನಲ್ಲೇ ಇರುವವನು, ಇದೇ ದಾರಿಯಲ್ಲಿ ಗೆಳೆಯರ ಜೊತೆ ಬಂದಿದ್ದೇನೆ. ಹೋಗುವ ದಾರಿಗೆ ಎಲ್ಲರೂ ತಿಂಗಳುಗಟ್ಟಲೆ ಪ್ಲಾನ್ ಮಾಡುತ್ತಾರೆ. ಬರುವ ದಾರಿಗೆ ಮಾತ್ರ 'ಹೇಗೋ ಬಂದುಬಿಡೋಣ' ಅಂದುಬಿಡುತ್ತಾರೆ. ದಣಿವು, ಮುನಿಸು, ಅಪಾಯ ಮೂರೂ ಕಾದಿರುವುದು ಬರುವ ದಾರಿಯಲ್ಲೇ.

ಮೊದಲನೆಯದಾಗಿ, ಹಿಂದೆ ಮಲಗುವ ಲೆಕ್ಕವೇ ನಡೆಯುವುದಿಲ್ಲ. ವ್ಯಾನ್ ಓಡುತ್ತಿರುವಾಗ ಎಲ್ಲರೂ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿರಬೇಕು. ಹಾಸಿಗೆ ಇರುವುದು ನಿಂತ ಮೇಲೆ ಮಲಗಲು. ಕೂತಲ್ಲೇ ತೂಕಡಿಸಿದವನನ್ನು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಸ್ಟಿಯರಿಂಗ್ ಕೊಟ್ಟರೆ ಅವನು ಎಷ್ಟು ಎಚ್ಚರವಾಗಿರುತ್ತಾನೆ ನೀವೇ ಹೇಳಿ.

ಇನ್ನು ದೂರ. ಲೊಫೋಟೆನ್‌ನ ತುದಿಯಲ್ಲಿ ರಸ್ತೆ ಮುಗಿಯುವ ಊರಿನ ಹೆಸರು ಒಂದೇ ಅಕ್ಷರ, 'ಓ'. ಅಲ್ಲಿಂದ ಸ್ವೀಡನ್ ಮೂಲಕ ಹ್ಯಾಂಬರ್ಗ್‌ಗೆ ಸುಮಾರು 2,800 ಕಿ.ಮೀ. ಹೋಗುವಾಗ ನಾರ್ವೆಯ ಒಳಗೇ ಇ6 ರಸ್ತೆ ಹಿಡಿದು ಹೋಗಿ. ಬರುವಾಗ ಇ10 ಹಿಡಿದು ನಾರ್ವಿಕ್ ಹತ್ತಿರದಿಂದ ಹಾದು ಸ್ವೀಡನ್‌ಗೆ ಬನ್ನಿ. ನಾರ್ವೆಯಲ್ಲಿ ಊರ ಹೊರಗಿನ ಸಾಮಾನ್ಯ ಮಿತಿ ಗಂಟೆಗೆ 80 ಕಿ.ಮೀ., ತಿರುವುಗಳಲ್ಲಿ ಅಷ್ಟೂ ಆಗುವುದಿಲ್ಲ, ಮಿತಿ ಮೀರಿದರೆ ದಂಡ ಭಾರಿ. ಸ್ವೀಡನ್ನಿನ ಇ4 ಹೆದ್ದಾರಿ ಬಹುಪಾಲು ನೇರ, ಅಗಲ. ವಾಪಸ್ ಬರುವಾಗ ಮೈಗೆ ಅದು ಹಗುರ.

ಮೊದಲ ರಾತ್ರಿ, ಗಡಿ ದಾಟಿದ ಮೇಲೆ ಸಿಗುವ ಸ್ವೀಡನ್ನಿನ ಅಬಿಸ್ಕೋದಲ್ಲಿ ನಿಲ್ಲಿ. ಟೋರ್ನೆಟ್ರಾಸ್ಕ್ ಕೆರೆ ಪಕ್ಕದಲ್ಲೇ ಇದೆ, ಬರ್ಚ್ ಮರಗಳು ಸೆಪ್ಟೆಂಬರ್‌ನಲ್ಲಿ ಹಳದಿಗೆ ತಿರುಗುತ್ತವೆ. ಅಷ್ಟು ಹೊತ್ತಿಗೆ ಸೊಳ್ಳೆ ಕಾಟವೂ ಇಳಿದಿರುತ್ತದೆ, ರಾತ್ರಿ ಕತ್ತಲೂ ಆಗುತ್ತದೆ. ಆಕಾಶ ತಿಳಿಯಾಗಿದ್ದರೆ ಉತ್ತರದ ಬೆಳಕು (ಅರೋರಾ) ಕಾಣುವ ಸಾಧ್ಯತೆ ಚೆನ್ನಾಗಿದೆ. ಮಾರನೇ ದಿನ ಕಿರುನಾ. ಊರಿನ ಕೆಳಗೆ ಕಬ್ಬಿಣದ ಅದಿರಿನ ಗಣಿ ಬೆಳೆಯುತ್ತಾ ಬಂದು ನೆಲ ಬಿರುಕು ಬಿಡುತ್ತಿರುವುದರಿಂದ ಊರನ್ನೇ ಪೂರ್ವಕ್ಕೆ ಸಾಗಿಸುತ್ತಿದ್ದಾರೆ. 1912ರ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಬಿಚ್ಚದೆ ಇಡಿಯಾಗಿ ಎತ್ತಿ, ಐದು ಕಿ.ಮೀ. ದೂರದ ಹೊಸ ಜಾಗಕ್ಕೆ ಗಾಡಿ ಮೇಲೆ ತಂದರು. ಅದರ ತೂಕ 672 ಟನ್. ನಿಲ್ಲದೆ ಓಡಿದರೆ ಇದೆಲ್ಲ ಕಿಟಕಿಯಾಚೆ ಒಂದು ಬೋರ್ಡ್ ಅಷ್ಟೇ, ಅಲ್ವಾ?

ಕಿರುನಾದಿಂದ ಗೆಲ್ಲಿವಾರೆ ಕಡೆಗೆ ಬರುವಾಗ ಹಿಮಸಾರಂಗಗಳು ಸಿಗುತ್ತವೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮಗೆ ಒಂದು ತಿರುವಿನ ಆಚೆ ಹತ್ತು ಹನ್ನೆರಡರ ಗುಂಪು ಎದುರಾಯಿತು, ಜೊತೆಗೆ ಎರಡು ಮರಿ. ಹಾರ್ನ್ ಮಾಡಿದರೆ ಪಕ್ಕಕ್ಕೆ ಹೋಗುವುದಿಲ್ಲ. ವ್ಯಾನಿನ ಮುಂದೆಯೇ, ನಾವು ಹೋಗುವ ದಿಕ್ಕಿನಲ್ಲೇ, ಟಾರಿನ ಮೇಲೆ ಗೊರಸು ಟಕಟಕ ಅನಿಸುತ್ತಾ ಓಡುತ್ತವೆ. ಒಂದು ಬದಿಗೆ ಸರಿಯಿತು ಅಂದುಕೊಳ್ಳುವಷ್ಟರಲ್ಲಿ ಮರಿ ಅಡ್ಡ ಬರುತ್ತದೆ. ವೇಗ ಇಳಿಸಿ, ಎಂಜಿನ್ ಆನ್ ಇಟ್ಟುಕೊಂಡು ಸುಮ್ನೆ ಕಾಯಬೇಕು. ಅವು ಕಾಡುಪ್ರಾಣಿಗಳಲ್ಲ. ಪ್ರತಿಯೊಂದಕ್ಕೂ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರಲ್ಲಿ ಒಬ್ಬ ಒಡೆಯ ಇದ್ದಾನೆ, ಕಿವಿಯಲ್ಲಿ ಅವನ ಗುರುತಿನ ಕಚ್ಚು ಇರುತ್ತದೆ. ತಗುಲಿದರೆ, ಪ್ರಾಣಿ ಎದ್ದು ಓಡಿಹೋದರೂ ಸರಿ, ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ ತಿಳಿಸಿ ಜಾಗಕ್ಕೆ ಗುರುತು ಹಾಕಬೇಕು. ಅಲ್ಲಿನ ಕಾನೂನು ಅದು. ಎಲ್ಕ್ ಅನ್ನುವ ದೊಡ್ಡ ಜಿಂಕೆ ಇನ್ನೂ ಅಪಾಯ. ಕಾಲು ಉದ್ದ, ಮೈ ಭಾರ, ಗುದ್ದಿದರೆ ಕಾಲು ಮುರಿದು ಇಡೀ ದೇಹ ಗಾಜಿನ ಮೇಲೆ ಬೀಳುತ್ತದೆ. ಅವು ಹೆಚ್ಚಾಗಿ ಓಡಾಡುವುದು ಮುಸ್ಸಂಜೆ ಮತ್ತು ಮುಂಜಾವಿನಲ್ಲಿ. ರಾತ್ರಿಯಿಡೀ ಓಡಿಸುವ ನಿಮ್ಮ ಪ್ಲಾನ್‌ನಲ್ಲಿ ಎರಡೂ ಹೊತ್ತು ರಸ್ತೆ ಮೇಲೇ ಕಳೆಯುತ್ತೀರಿ. ನನ್ನ 'ಬೇಡ'ಕ್ಕೆ ದೊಡ್ಡ ಕಾರಣ ಇದೇ.

ಆಮೇಲೆ ಇ4, ಬಾಟ್ನಿಯಾ ಕೊಲ್ಲಿಯ ಪಕ್ಕದಲ್ಲೇ ದಕ್ಷಿಣಕ್ಕೆ. ಲೂಲಿಯೋ, ಉಮಿಯೋ ಊರುಗಳಲ್ಲಿ ಸಾಮಾನು ತುಂಬಿಸಿಕೊಂಡು ಮುಂದೆ ಬನ್ನಿ. ನಿಲ್ಲಬೇಕಾದದ್ದು ಎತ್ತರದ ಕರಾವಳಿ ಅನ್ನುವ ಹೋಗಾ ಕುಸ್ಟೆನ್‌ನಲ್ಲಿ. ಹಿಮಯುಗದಲ್ಲಿ ಮಂಜುಗಡ್ಡೆಯ ಭಾರಕ್ಕೆ ಕುಸಿದಿದ್ದ ನೆಲ ಈಗಲೂ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಮೇಲೇಳುತ್ತಿದೆ. ಹಿಂದೆ ಕಡಲ ದಡವಾಗಿದ್ದ ಗೆರೆ ಇವತ್ತು ಸಮುದ್ರಮಟ್ಟದಿಂದ 286 ಮೀಟರ್ ಎತ್ತರದಲ್ಲಿದೆ. ಬೆಟ್ಟ ಹತ್ತುತ್ತಾ ಹೋದ ಹಾಗೆ ಕಾಡಿನ ನಡುವೆ, ಅಲೆ ಉರುಳಿಸಿ ನುಣುಪು ಮಾಡಿದ ಗುಂಡುಕಲ್ಲುಗಳು ಸಿಗುತ್ತವೆ. ನಮ್ಮ ನಾಲ್ವರಲ್ಲಿ ಇಬ್ಬರು ಆ ಹೊತ್ತಿಗೆ ಮಾತು ಬಿಟ್ಟಿದ್ದರು, ಹಾಡು ಯಾರು ಹಾಕಬೇಕು ಅನ್ನುವ ಜಗಳ. ಅಲ್ಲಿ ಅರ್ಧ ದಿನ ನಡೆದು, ಕೆಳಗಿಳಿದು ಬಿಸಿ ಅನ್ನ ಸಾರು ಉಂಡ ಮೇಲೆ ತಾವೇ ಸರಿಯಾದರು. ವ್ಯಾನಿನೊಳಗೆ ಹಸಿವು, ನಿದ್ದೆಗೇಡು ಎರಡೂ ಸೇರಿದರೆ ಎಂಥ ಸ್ನೇಹಕ್ಕೂ ಕಷ್ಟ. ಅದಕ್ಕೆ ಎರಡು ಮಾತು ಮೊದಲೇ ಆಡಿಕೊಳ್ಳಿ. ಡ್ರೈವರ್ ಪಕ್ಕ ಕೂತವರು ನಿದ್ದೆ ಮಾಡುವಂತಿಲ್ಲ. ಡ್ರೈವರ್ 'ಇವತ್ತಿಗೆ ಸಾಕು' ಅಂದರೆ ಉಳಿದವರು ಎದುರು ಮಾತಾಡುವಂತಿಲ್ಲ.

ಅಡುಗೆ ವಿಷಯ. ಚಿಕ್ಕ ಕುಕ್ಕರ್, ಸೋನಾಮಸೂರಿ, ತೊಗರಿಬೇಳೆ, ಸಾರಿನಪುಡಿ, ಅವಲಕ್ಕಿ, ಚಟ್ನಿಪುಡಿ ಇದ್ದರೆ ದಾರಿಯುದ್ದಕ್ಕೂ ರಾಜರು ನೀವು. ಹೊರಗಡೆ ಊಟ ಅಲ್ಲಿ ಬಲು ದುಬಾರಿ. ಆದರೆ ಆಲೂಗಡ್ಡೆ ಒಯ್ಯಬೇಡಿ, ನಾರ್ವೆಗೆ ಅದನ್ನು ತರುವುದು ನಿಷೇಧ. ಜರ್ಮನಿಯ ಗ್ಯಾಸ್ ಸಿಲಿಂಡರನ್ನು ಅಲ್ಲಿ ಬದಲಾಯಿಸಿಕೊಡುವುದಿಲ್ಲ, ಹೊರಡುವಾಗಲೇ ತುಂಬಿದ್ದು ಕೇಳಿ ಪಡೆಯಿರಿ.

ರಾತ್ರಿ ತಂಗಲು, ಸ್ವೀಡನ್ನಿನ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣಗಳಲ್ಲಿ ಬೋರ್ಡ್ ಬೇಡ ಅನ್ನದಿದ್ದರೆ ವ್ಯಾನ್ ನಿಲ್ಲಿಸಿ ಮಲಗಬಹುದು, ಬಹಳ ಕಡೆ ಶೌಚಾಲಯವೂ ಇರುತ್ತದೆ. ಪ್ರಕೃತಿಯಲ್ಲಿ ಯಾರು ಬೇಕಾದರೂ ಓಡಾಡುವ ಹಕ್ಕು ಅಲ್ಲಿದೆ, ನಿಜ. ಆದರೆ ಅದು ನಡೆಯುವವರಿಗೆ, ಟೆಂಟ್ ಹಾಕುವವರಿಗೆ. ರಸ್ತೆ ಬಿಟ್ಟು ಕಾಡಿನೊಳಗೆ ವಾಹನ ಇಳಿಸಲು ಅಲ್ಲ. ಎರಡು ದಿನಕ್ಕೊಮ್ಮೆ ಕ್ಯಾಂಪಿಂಗ್ ಜಾಗಕ್ಕೆ ದುಡ್ಡು ಕೊಡಿ. ಸ್ನಾನ, ನೀರು, ಟಾಯ್ಲೆಟ್ ಡಬ್ಬ ಖಾಲಿ ಮಾಡುವುದು ಎಲ್ಲ ಒಟ್ಟಿಗೆ ಮುಗಿಯುತ್ತದೆ.

ಸ್ಟಾಕ್‌ಹೋಮ್ ದಾಟಿದ ಮೇಲೆ ಹೇಳುವಂಥದ್ದು ಜಾಸ್ತಿ ಇಲ್ಲ. ಮಾಲ್ಮೋದಿಂದ ಡೆನ್ಮಾರ್ಕ್‌ಗೆ ಓರೆಸುಂಡ್ ಜಲಸಂಧಿ ದಾಟುತ್ತೀರಿ. ಸುಮಾರು ಎಂಟು ಕಿ.ಮೀ. ಉದ್ದದ ಸೇತುವೆ, ಆಮೇಲೆ ಮನುಷ್ಯರೇ ಕಟ್ಟಿದ ದ್ವೀಪ, ಅಲ್ಲಿಂದ ಕಡಲ ಕೆಳಗಿನ ಸುರಂಗ. ವ್ಯಾನಿನ ಉದ್ದ 6 ಮೀಟರ್ ಮೀರಿದರೆ ಟೋಲ್ ಜಾಸ್ತಿ, ಬುಕ್ ಮಾಡುವಾಗಲೇ ಅಳತೆ ನೋಡಿ. ಡೆನ್ಮಾರ್ಕ್‌ನಿಂದ ಜರ್ಮನಿಗೆ ರೋಡ್‌ಬಿಯಿಂದ ಪುಟ್‌ಗಾರ್ಡನ್‌ಗೆ ಹಡಗು ಹಿಡಿಯಿರಿ. 45 ನಿಮಿಷ ಡ್ರೈವರ್‌ಗೆ ಕಾಲು ಚಾಚಲು ಸಿಗುತ್ತದೆ. ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಎರಡೂ ಕೈಗೆ ಸಿಗುವ ಹಾಗೆ ಇರಲಿ, ಗಡಿಯಲ್ಲಿ ಕೇಳಬಹುದು.

ಒಂದು ವಿಷಯ ನೀವು ಬರೆದಿಲ್ಲ. ನಾಲ್ವರಲ್ಲಿ ಎಷ್ಟು ಜನರ ಹತ್ತಿರ ಜರ್ಮನ್ ಲೈಸೆನ್ಸ್ ಇದೆ? ಭಾರತದ ಲೈಸೆನ್ಸ್ ಜರ್ಮನಿಗೆ ಬಂದು ನೆಲೆಸಿದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಓಡಿಸುವವರು ಒಬ್ಬರೇ ಆದರೆ ಆರು ದಿನವೂ ಸಾಲದು, ಎಂಟು ಇಡಿ. ಎಷ್ಟು ಜನ ಅಂತ ತಿಳಿಸಿ, ಯಾವ ದಿನ ಎಲ್ಲಿಯವರೆಗೆ ಅಂತ ಕೂತು ಬರೆದುಕೊಡುತ್ತೇನೆ.